ಓಕ್ಕಾಳ ಒಂಟಿಗಾಲು ಮತ್ತು ಒಂದನೇ ತರಗತಿ

ಶಾಲಾ ವೈದ್ಯೆ ಡಾ. ಗೆಸೀನೆ ಲೂಬರ್ಸ್ ಅವರ ಸನ್ನಿಧಿಗೆ,

ಮಾನ್ಯರೇ,

ವೇಸರ್ ನದಿಯ ದಡದ ಈ ಊರಿನ ಎಲ್ಲ ಮಕ್ಕಳ ಎಡಗಾಲು, ಬಲಗಾಲುಗಳ ಯೋಗಕ್ಷೇಮ ಹೊತ್ತಿರುವ ತಮಗೆ ಒಬ್ಬ ಸಾಮಾನ್ಯ ತಾಯಿಯ ಸಾಷ್ಟಾಂಗ ನಮಸ್ಕಾರಗಳು.

ನಮ್ಮ ಐದು ವರ್ಷದ ಮಗಳು ಓಕ್ಕಾ ರೈಲಿನ ವೇಳಾಪಟ್ಟಿ ಓದಿ, ನಿಲ್ದಾಣದಲ್ಲಿ ಕಂಡವರಿಗೆಲ್ಲ ಅವರ ಮುಂದಿನ ಗಾಡಿ ತಪ್ಪಲಿದೆಯೆಂದು ಮೊದಲೇ ತಿಳಿಸಿ ಶಾಪ ಹಾಕಿಸಿಕೊಳ್ಳುವ ಜಾಣೆ. ಇವಳಿಗೆ ತಕ್ಕ ಶಾಲೆ ಹುಡುಕಿ ನಾವು ಗಂಡ ಹೆಂಡತಿ ಹೈರಾಣಾದೆವು. ಒಂದು ಕಡೆ, "ಹಾಲುಹಲ್ಲು ಬೀಳೋವರೆಗೂ ನಾವು ಅಕ್ಷರ ತೋರಿಸಲ್ಲ, ಮಗು ಬಾಡಿಹೋಗುತ್ತೆ" ಎಂದರು. ಇನ್ನೊಂದು ಕಡೆ, "ನಮ್ಮಲ್ಲಿ ಎಲ್ಲರೂ ಅಸಾಧಾರಣ ಮಕ್ಕಳೇ, ಸಾಧಾರಣ ಮಗು ಇದ್ರೆ ಹೇಳಿ, ಜಾಗ ಇದೆ" ಎಂದರು. ಕೊನೆಗೆ ಚರ್ಚಿನ ಹಿಂದಿನ ಪುಟ್ಟ ಶಾಲೆಯ ಟೀಚರು ಅವಳ ಯಾವುದೋ ಪ್ರಶ್ನೆಗೆ, "ನಂಗೂ ಗೊತ್ತಿಲ್ಲ ಪುಟ್ಟಿ, ಇಬ್ರೂ ಹುಡುಕೋಣ ಬಾ" ಎಂದಾಗ ಓಕ್ಕಾ ಅಲ್ಲಿಂದ ಮನೆಗೆ ಬರಲೇ ಒಪ್ಪಲಿಲ್ಲ.

ಆಮೇಲೆ ಶಾಲೆಗೆ ಸೇರುವ ಮುಂಚಿನ ತಪಾಸಣೆಯಲ್ಲಿ ತಾವು, ಒಂಟಿಗಾಲಲ್ಲಿ ಕುಪ್ಪಳಿಸು ಎಂದಿರಿ. "ಯಾಕೆ? ಎರಡು ಕಾಲಿದೆಯಲ್ಲ" ಎಂದಳು ಮಗಳು. ಇನ್ನೊಂದು ವರ್ಷ ಶಿಶುವಿಹಾರದಲ್ಲೇ ಇರಲಿ ಎಂದು ತಾವು ತೀರ್ಪು ಕೊಟ್ಟಿರಿ. ಕುಣಿಯಲಾರದವಳು ನೆಲ ಡೊಂಕೆಂದಳು ಎಂದು ತಾವು ಭಾವಿಸಿದ್ದು ಸಹಜವೇ. ಆದರೆ ಶಾಲೆಯ ಮೊದಲ ದಿನ ಎಲ್ಲ ಮಕ್ಕಳಂತೆ ಮಿಠಾಯಿ ತುಂಬಿ ಒಯ್ಯಲೆಂದು ತಾನೇ ಅಂಟಿಸಿದ ದೊಡ್ಡ ಕಾಗದದ ಕೊಳವೆಯನ್ನು ಅವಳು ಮಂಚದ ಕೆಳಗೆ ತಳ್ಳಿ ಬಿಕ್ಕಿ ಬಿಕ್ಕಿ ಅತ್ತಳು. ಗೆಳತಿಯರೆಲ್ಲ ಹೋಗುತ್ತಾರೆ, ಇವಳೊಬ್ಬಳು ಉಳಿಯುತ್ತಾಳೆ.

ಮಗಳಿಗೆ ಕಲಿಸಲೆಂದು ನನ್ನ ಗಂಡ ಹಾಯೋ ಅವರು ಮನೆಯ ಮೆಟ್ಟಿಲ ಮೇಲೆ ಕುಪ್ಪಳಿಸಲು ಹೋಗಿ ಕಾಲು ಮುರಿದುಕೊಂಡರು. ತಮ್ಮ ಕೃಪೆಯಿಂದ ಈಗ ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿಂದ ಅಡುಗೆಮನೆಗೆ ಒಂಟಿಗಾಲಲ್ಲೇ ಅಮೋಘವಾಗಿ ಸಂಚರಿಸುತ್ತಿದ್ದಾರೆ. ಇಂಥ ಅರ್ಹತೆ ಈ ಜಿಲ್ಲೆಯಲ್ಲಿ ಮತ್ತಾರಿಗೂ ಇರಲಾರದು. ಆದ್ದರಿಂದ ಅವರನ್ನು ಒಂದನೇ ತರಗತಿಗೆ ಸೇರಿಸಿಕೊಂಡು, ಅವರ ಕಚೇರಿಯ ಲೆಕ್ಕಪತ್ರದ ಕೆಲಸವನ್ನು ಓಕ್ಕಾಳಿಗೆ ಕೊಡಿಸಬೇಕೆಂದು ಪ್ರಾರ್ಥನೆ. ಅವಳು ಅದನ್ನು ಚೆನ್ನಾಗಿಯೇ ಮಾಡುತ್ತಾಳೆ. ಕುರ್ಚಿ ಮಾತ್ರ ಸ್ವಲ್ಪ ತಗ್ಗಿಸಬೇಕು.

ಎರಡೂ ಕಾಲೂರಿ ಬರೆದದ್ದಕ್ಕೆ ಕ್ಷಮೆ ಕೋರುತ್ತ,
ತಮ್ಮ ವಿಶ್ವಾಸಿ,
ವೀಬ್ಕೆ ಹಾರ್ಮ್ಸ್

ಮರೆತಿದ್ದೆ: ಇಂದು ಬೆಳಿಗ್ಗೆ ಓಕ್ಕಾ ಅಪ್ಪನ ಹಿಂದೆ ಒಂಟಿಗಾಲಲ್ಲಿ ಇಡೀ ಮನೆ ಸುತ್ತಿದಳು. ಅವತ್ತು ಯಾಕೆ ಮಾಡಲಿಲ್ಲವೆಂದು ಕೇಳಿದೆ. "ಅಪ್ಪ ಜೊತೆಗೆ ಕುಪ್ಪಳಿಸ್ತಾರೆ. ಆ ಡಾಕ್ಟರಮ್ಮ ಪೆನ್ನು ಹಿಡ್ಕೊಂಡು ಸುಮ್ನೆ ನಿಂತಿದ್ರು, ಅದೇನು ಆಟ?" ಎಂದಳು. ಮರುತಪಾಸಣೆಗೆ ಅವಳು ಸಿದ್ಧ, ತಾವೂ ಜೊತೆಗೆ ಕುಪ್ಪಳಿಸುವುದಾದರೆ. "ಬಿದ್ರೆ ಪರ್ವಾಗಿಲ್ಲ ಅಂತ ಅವರಿಗೆ ಹೇಳಮ್ಮ, ಅವರೂ ಒಂದ್ ವರ್ಷ ಶಿಶುವಿಹಾರಕ್ಕೆ ಹೋದ್ರಾಯ್ತು."