ಕೀಬೋರ್ಡಿಗೆ ಡೊಳ್ಳು ತುಂಬಿದ್ದು

ಡೊಳ್ಳು, ತಮಟೆ, ಢೋಲಕ್ ಎಲ್ಲವನ್ನೂ ಒಂದೇ ಕೀಬೋರ್ಡಿನೊಳಗೆ ತುಂಬಿಕೊಂಡು ಊರೂರು ತಿರುಗುವವನು ತಮಾಷೆ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಹುಡುಕಿಕೊಂಡು ಬರುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಿಕಾರಿಪುರದ ಒಂದು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಆ ಕೀಬೋರ್ಡಿನಲ್ಲಿ ಡ್ರಮ್ಮಿನ ಸದ್ದುಗಳು ರಾಶಿ ಇದ್ದವು, ಒಂದೂ ನಮ್ಮ ಕಡೆಯದಲ್ಲ. ಆದರೆ ಮೈಕ್ ಸಿಕ್ಕಿಸಿ ಯಾವ ಸದ್ದನ್ನಾದರೂ ಹಿಡಿದು, ಬೇಕಾದಷ್ಟೇ ಕತ್ತರಿಸಿ, ಒಂದೊಂದು ಕೀಗೆ ಒಂದೊಂದು ಏಟಿನಂತೆ ಕೂರಿಸಬಹುದಿತ್ತು. ಫ್ಲಾಪಿಯಲ್ಲಿ ಉಳಿಸಿಕೊಂಡರೆ ನಮ್ಮದೇ ಡ್ರಮ್ ಸೆಟ್ ತಯಾರು. ಈ ವಿದ್ಯೆ ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನಲ್ಲಿ ನನ್ನೊಬ್ಬನಿಗೇ ಗೊತ್ತು ಎಂದು ನಾನು ನಂಬಿದ್ದೆ. ಸುಳ್ಳೆಂದು ಇದುವರೆಗೆ ಯಾರೂ ಬಂದು ಹೇಳಿಲ್ಲ.

ಒಂದೇ ಏಟು

ಮೊದಲು ಡೊಳ್ಳು ಬೇಕಿತ್ತು. ಕುಪ್ಪಗಡ್ಡೆ ಕಡೆಯ ಡೊಳ್ಳಿನ ತಂಡದ ಯಜಮಾನರಿಗೆ ಹೇಳಿ ಕಳಿಸಿದೆ. ನಾನು ಟೇಪ್ ರೆಕಾರ್ಡರು, ಕೀಬೋರ್ಡು ಹೊತ್ತುಕೊಂಡು ಹೋದಾಗ ಹತ್ತು ಜನ ಗೆಜ್ಜೆ ಕಟ್ಟಿ ಸಾಲಾಗಿ ನಿಂತಿದ್ದರು.

"ನನಗೆ ಒಂದೇ ಏಟು ಸಾಕು ಯಜಮಾನ್ರೇ" ಅಂದೆ.

"ಒಂದು ವರಸೆ ಅಂತೀರಾ?"

"ಅಲ್ಲ, ಒಂದೇ ಒಂದು ಏಟು."

ಯಜಮಾನರು ಹಿಂದೆ ತಿರುಗಿ ತಮ್ಮವರನ್ನು ನೋಡಿದರು. "ಒಂದು ಏಟಿಗೆ ಹತ್ತು ಜನ ಗದ್ದೆ ಕೆಲ್ಸ ಬಿಟ್ಟು ಬಂದಂಗಾಯ್ತಲ್ರೀ" ಅಂದರು. ಎಲ್ಲರ ಮುಖ ಸಣ್ಣಗಾಯಿತು. ನನಗೂ ನಾಚಿಕೆಯಾಗಿ, ನಿಮಗೆ ತೃಪ್ತಿಯಾಗುವಷ್ಟು ಬಾರಿಸಿ ಅಂದೆ. ಅವರಿಗೆ ತೃಪ್ತಿಯಾಗಲು ಒಂದೂವರೆ ಗಂಟೆ ಹಿಡಿಯಿತು. ಕೊನೆಗೆ ಯಜಮಾನರು ನನಗಾಗಿ ಒಂದು ಏಟು ಹೊಡೆದರು.

ಅಲ್ಲಿಯೇ ಅದನ್ನು ಕೀಬೋರ್ಡಿಗೆ ಹಾಕಿ, ಎರಡು ಬೆರಳಲ್ಲಿ ಅವರ ವರಸೆಯನ್ನೇ ನುಡಿಸಿ ತೋರಿಸಿದೆ. ಯಜಮಾನರು ಬಗ್ಗಿ ಕೀಬೋರ್ಡಿನ ಹಿಂಭಾಗ ನೋಡಿದರು, ಅಡಿಭಾಗ ನೋಡಿದರು. ಆಮೇಲೆ ನೆಟ್ಟಗೆ ನಿಂತು ಕೇಳಿದರು:

"ಸದ್ದೇನೋ ನಮ್ದೇ, ಒಪ್ದೆ. ಕುಣಿಯೋಕೆ ಯಾವ ಕೀ ಒತ್ತಬೇಕು?"

ಸದ್ದಿನ ಅರ್ಜಿ

ತಾಳಗಳ ನಡುವೆ ನೀರು ಧುಮುಕುವ ಸದ್ದು ಬಂದರೆ ಚೆಂದ ಅಂತ ಒಂದು ಬೆಳಿಗ್ಗೆ ಅಂಜನಾಪುರದ ಜಲಾಶಯಕ್ಕೆ ಹೋದೆ. ಮೈಕನ್ನು ಕೋಲಿಗೆ ಕಟ್ಟಿ ನಾಲೆಯ ಕಡೆ ಚಾಚಿದ್ದನ್ನು ಕಂಡು ಕಾವಲಿನವರು ಬಂದರು.

"ಏನ್ರೀ ಮಾಡ್ತಿದ್ದೀರಿ?"

"ನೀರಿನ ಸದ್ದು ತಗೊಂಡು ಹೋಗ್ತೀನಿ ಅಣ್ಣಾ."

ಅವರು ನನ್ನನ್ನೂ ನೀರನ್ನೂ ನೋಡಿದರು. "ಇಪ್ಪತ್ತು ವರ್ಷದಿಂದ ಇಲ್ಲಿದೀನಿ. ನೀರು ಬಿಡಿ ಅಂತ ಬಂದೋರನ್ನ ನೋಡಿದೀನಿ, ನಿಲ್ಲಿಸಿ ಅಂತ ಬಂದೋರನ್ನೂ ನೋಡಿದೀನಿ. ನೀರು ಬ್ಯಾಡ, ಸದ್ದು ಕೊಡಿ ಅಂದೋರು ನೀವೊಬ್ರೇ. ತಗೊಂಡು ಹೋಗ್ರಿ. ಕೆಳಗಿನ ಗದ್ದೆಯೋರಿಗೂ ಸ್ವಲ್ಪ ಉಳಿಸ್ರಿ."

ಮೂರನೇ ಕೂಗು

ಒಂದು ಹಾಡಿಗೆ ರೈಲಿನ ಕೂಗು ಬೇಕಾಗಿತ್ತು. ನಮ್ಮೂರಿಗೆ ರೈಲು ಎಲ್ಲಿಂದ ಬರಬೇಕು? ಮನೆಯ ಕುಕ್ಕರಿನ ಕೂಗನ್ನೇ ಹಿಡಿದೆ. ಸ್ವಲ್ಪ ಕೆಳಗಿನ ಶ್ರುತಿಗೆ ಇಳಿಸಿದರೆ ಸಾಕ್ಷಾತ್ ರೈಲು. ಕನಿಷ್ಠ ನನ್ನ ಕಿವಿಗೆ.

ಶಿಕಾರಿಪುರದ ಒಂದು ಕಲ್ಯಾಣಮಂಟಪದಲ್ಲಿ ಮದುವೆ. ಮಧ್ಯಾಹ್ನ ಹನ್ನೆರಡೂವರೆ, ಎಲ್ಲರಿಗೂ ಹಸಿವು. ಹಾಡಿನ ನಡುವೆ ಎರಡು ಸಲ ಕೂಗಿಸಿದೆ. ಹಿಂದಿನ ಸಾಲು ಎದ್ದಿತು. ಅದನ್ನು ನೋಡಿ ಮಧ್ಯದ ಸಾಲೂ ಎದ್ದಿತು. ಎರಡೇ ನಿಮಿಷದಲ್ಲಿ ಅರ್ಧ ಸಭೆ ಊಟದ ಮನೆಯ ಬಾಗಿಲಲ್ಲಿ ನಿಂತಿತ್ತು. ಅಡುಗೆಯವರು ಸೌಟು ಹಿಡಿದು ಹೊರಬಂದು, "ಇನ್ನೂ ಎಲೆ ಹಾಕಿಲ್ಲ, ಯಾರ್ರೀ ಕರೆದಿದ್ದು?" ಎಂದು ಕೇಳುತ್ತಿದ್ದರು.

ಹಾಡು ಮುಗಿದ ಮೇಲೆ ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಹೆಂಡತಿ ವೇದಿಕೆಯ ಹತ್ತಿರ ಬಂದಳು. ಬೈಯುತ್ತಾಳೆ ಅಂದುಕೊಂಡೆ.

"ಅದು ನಮ್ಮನೆ ಕುಕ್ಕರ್ ಅಲ್ವಾ? ಎರಡಕ್ಕೇ ನಿಲ್ಸಿದ್ರಲ್ರೀ, ಮೂರಾಗದೆ ಅದ್ರಲ್ಲಿ ಬೇಳೆ ಬೇಯಲ್ಲ" ಅಂದಳು.

ಹೊಸಬ

ನಮ್ಮ ತಂಡದ ಢೋಲಕ್ ಮಾಸ್ತರರು ನನಗಿಂತ ಹಿರಿಯರು. ಅವರನ್ನು ಕೇಳಿಯೇ ಅವರ ಏಟುಗಳನ್ನು ರೆಕಾರ್ಡ್ ಮಾಡಿಕೊಂಡಿದ್ದೆ. ಅವೇ ಏಟು ಕೀಬೋರ್ಡಿನಿಂದ ಬಂದಾಗ ಮಾತ್ರ ಅವರ ಮುಖ ಬಾಡಿತು. "ಇನ್ನು ನಾನ್ಯಾಕೆ ಬರಬೇಕು ಹೇಳು" ಅಂದವರು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಅಷ್ಟು ವರ್ಷ ಜೊತೆಗೆ ನುಡಿಸಿದವರು. ಆ ವಾರ ನನಗೂ ಊಟ ಸೇರಲಿಲ್ಲ.

ಅದಾದ ಮೇಲೆ ಸೊರಬದಲ್ಲಿ ಕಾರ್ಯಕ್ರಮ. ಮಾಸ್ತರರ ಬಸ್ಸು ಕೆಟ್ಟು ನಿಂತಿತು. ಬೇರೆ ದಾರಿಯಿಲ್ಲದೆ ಎರಡು ಹಾಡನ್ನು ಅವರ ಏಟುಗಳಲ್ಲೇ ದಾಟಿಸಿದೆ. ಅಷ್ಟರಲ್ಲಿ ಅವರು ಬಂದು, ಹಾಡು ಮುಗಿಯಲಿ ಅಂತ ಜನರ ಹಿಂದೆ ನಿಂತಿದ್ದರಂತೆ. ಪಕ್ಕದಲ್ಲಿದ್ದವರೊಬ್ಬರು, "ಢೋಲಕ್ ಬಾರಿಸ್ತಿರೋರು ಎಂಥಾ ಕೈ ಮಾರಾಯ್ರೆ" ಅಂದರಂತೆ. ಮಾಸ್ತರರು ಅರಳಿದ ಮುಖದಲ್ಲಿ ವೇದಿಕೆ ಹತ್ತಿ, ಮೂರನೇ ಹಾಡಿಗೆ ಜೀವ ತುಂಬಿ ಬಾರಿಸಿದರು.

ಮುಗಿದ ಮೇಲೆ ಚಹಾ ಅಂಗಡಿಯಲ್ಲಿ ಅದೇ ಮನುಷ್ಯ ಸಿಕ್ಕರು. ಮಾಸ್ತರರು ಆಸೆಯಿಂದ ಕೇಳಿದರು, "ಹೆಂಗಿತ್ತು?"

"ಪರ್ವಾಗಿಲ್ಲ ನೀವು. ಆದ್ರೂ ಮೊದಲೆರಡು ಹಾಡಿಗೆ ಬಾರಿಸಿದೋರ ಹತ್ರ ಸ್ವಲ್ಪ ಕಲೀಬೇಕು."

ಮಾಸ್ತರರು ಮರುದಿನ ಬೆಳಿಗ್ಗೆಯೇ ನಮ್ಮ ಮನೆಗೆ ಬಂದರು. "ಇನ್ನೊಂದ್ಸಲ ರೆಕಾರ್ಡ್ ಮಾಡ್ಕೋ. ಈ ಸಲ ಸುಮಾರಾಗಿ ಬಾರಿಸ್ತೀನಿ."

ಸ್ಪಷ್ಟ ಉಚ್ಚಾರ

ಶಿಕಾರಿಪುರದಲ್ಲಿ ಒಂದು ಸಂಘದ ಎರಡು ದಿನದ ಸಮಾರಂಭ. ಮೊದಲ ದಿನದ ಮುಖ್ಯ ಅತಿಥಿಗಳು ಮಾತಾಡಲು ನಿಂತರು. ಅವರು ವಾಕ್ಯ ಮುಗಿಸಿದಾಗ ಚಪ್ಪಾಳೆಯ ಜೊತೆಗೆ ಒಂದು ತಮಟೆ ಏಟು ಕೊಡಿ, ಕಳೆ ಬರುತ್ತದೆ ಎಂದು ಕಾರ್ಯದರ್ಶಿಗಳು ನನಗೆ ಹೇಳಿದ್ದರು. ಕೊಡುತ್ತಾ ಹೋದೆ. ಮುಕ್ಕಾಲು ಗಂಟೆಯಾಯಿತು. ಚಪ್ಪಾಳೆ ನಿಂತುಹೋಗಿ ನನ್ನ ತಮಟೆ ಮಾತ್ರ ಉಳಿಯಿತು. ಒಂದು ಸಲ ಕೀ ಒತ್ತಿದವನು, ತೂಕಡಿಕೆಯಲ್ಲಿ ಬೆರಳು ಎತ್ತಲಿಲ್ಲ.

ಎಲ್ಲ ಸ್ಪೀಕರುಗಳಿಂದ ತಮಟೆ ಢಣ್ ಅಂದಿತು. ಅದರ ಹಿಂದೆಯೇ ಒಂದು ಗಂಭೀರ ಗಂಡುಧ್ವನಿ: "ಸಾಕು ನಿಲ್ಸ್ರೀ, ಇಡೀ ಬೀದಿಗೆ ತಲೆನೋವು."

ಅದು ನಮ್ಮ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರರ ಧ್ವನಿ. ಹಿತ್ತಲಲ್ಲಿ ತಮಟೆ ರೆಕಾರ್ಡ್ ಮಾಡುವಾಗ ಅವರು ಗೋಡೆಯಾಚೆಯಿಂದ ನನಗೆ ಹೇಳಿದ ಮಾತು ಏಟಿನ ಬಾಲಕ್ಕೆ ಅಂಟಿಕೊಂಡಿತ್ತು. ಬೆರಳನ್ನು ತಕ್ಷಣ ಎತ್ತುತ್ತಿದ್ದ ನನಗೆ ಅದು ಇದೆಯೆಂದೇ ಗೊತ್ತಿರಲಿಲ್ಲ.

ಸಭೆಯಿಂದ ಬಿತ್ತು ನೋಡಿ ಚಪ್ಪಾಳೆ, ಆ ದಿನ ಅಷ್ಟು ದೊಡ್ಡ ಚಪ್ಪಾಳೆ ಬೇರೆ ಯಾವುದಕ್ಕೂ ಬಿದ್ದಿರಲಿಲ್ಲ. ಯಾರು ಅಂದದ್ದೆಂದು ಅತಿಥಿಗಳು ಸುತ್ತ ಹುಡುಕಿದರು, ಆಮೇಲೆ "ಸಭಿಕರ ಅಪ್ಪಣೆಯಂತೆ" ಎಂದು ಕೈಮುಗಿದು ಕೂತರು.

ಕಾರ್ಯದರ್ಶಿಗಳು ನೇರವಾಗಿ ನನ್ನ ಹತ್ತಿರ ಬಂದರು. ನಾಳೆಯ ಕಾರ್ಯಕ್ರಮ ಹೋಯಿತು ಎಂದುಕೊಂಡು ನಾನೇ ಮೊದಲು ಕೈಮುಗಿದೆ. "ತಪ್ಪಾಯ್ತು ಸಾರ್. ಆ ಮಾತು ಈಗಲೇ ಅಳಿಸಿಬಿಡ್ತೀನಿ."

ಅವರು ಮೆಲ್ಲಗೆ ನನ್ನ ಕೈ ಹಿಡಿದುಕೊಂಡರು.

"ಮುಟ್ಟಬ್ಯಾಡ್ರಿ. ನಾಳೆ ಮೂರು ಜನ ಭಾಷಣದೋರಿದ್ದಾರೆ."