ಮಾವನವರ ನೀರಿನ ಮಟ್ಟ

ನಮ್ಮ ಮಾವನವರ ಮೈಯಲ್ಲಿ ಹರಿಯುವುದು ರಕ್ತವೇ ಅಲ್ಲ, ಡ್ಯಾಮಿನ ನೀರು! ನಾನು ಹೇಳಿದ್ದಲ್ಲ, ಅವರೇ ಹೇಳಿಕೊಂಡಿದ್ದು. ಮುನಿರಾಬಾದಿನ ಡ್ಯಾಮಿನಲ್ಲಿ ನೌಕರಿ ಇದ್ದಷ್ಟು ಕಾಲ ದಿನಾ ಬೆಳಿಗ್ಗೆ ನೀರಿನ ಮಟ್ಟ ಓದಿ ಬರೆದವರು. ನಿವೃತ್ತರಾಗಿ ಗಂಗಾವತಿಯ ನಮ್ಮ ಮನೆಗೆ ಬಂದ ಮೇಲೆ ಓದಲು ಏನೂ ಇರಲಿಲ್ಲ ನೋಡಿ, ಸಾರಿನ ಬೋಗುಣಿಯಲ್ಲಿ ಚಮಚ ಇಳಿಸಿ, "ನಿನ್ನಿಗಿಂತ ಎರಡು ಬಟ್ಟು ಕಮ್ಮಿ ಐತಲ್ಲವಾ" ಎನ್ನುತ್ತಿದ್ದರು.

ಅಂಥವರಿಗೆ ಬಂದ ಕಾಯಿಲೆಯಾದರೂ ಎಂಥದ್ದು? ಮೈಯಲ್ಲಿ ರಕ್ತ ಬೇಕಾದ್ದಕ್ಕಿಂತ ಹೆಚ್ಚಾಗಿ ತಯಾರಾಗುವಂಥದ್ದು! ವಾಸಿಯಾಗುವುದಿಲ್ಲ, ಹತೋಟಿಯಲ್ಲಿಡಬೇಕು ಎಂದರು ಡಾಕ್ಟರು. ತಿಂಗಳಿಗೊಮ್ಮೆ ಪರೀಕ್ಷೆ, ರಕ್ತದ ದಪ್ಪ ತೋರಿಸುವ ಅಂಕಿ ನಲವತ್ತೈದು ದಾಟಿದರೆ ಒಂದು ಚೀಲ ರಕ್ತ ಹೊರಗೆ. ನಾವೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರೆ ಮಾವನವರು ಹಳೆಯ ಗೆಳೆಯರಿಗೆ ಫೋನು ಹಚ್ಚಿದರು: "ಡ್ಯಾಮ್ ತುಂಬೈತ್ರಿ, ನಾಳಿಗೆ ಒಂದು ಗೇಟ್ ಎತ್ತತೀವಿ!"

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ಅಂಕಿಯನ್ನೂ ಅವರೇ ಬರೆಯಬೇಕು. ನಾನು ಪೆನ್ನು ಮುಟ್ಟುವಂತಿಲ್ಲ.

"ನಿಂದು ಕಾನ್ವೆಂಟ್ ಅಕ್ಷರ, ಲಗ್ನಪತ್ರಿಕಿ ಹಂಗ ಕಾಣತಾವ. ಮಟ್ಟ ಓದಿದವರ ಬರೀಬೇಕು. ಅದು ಕಾಯ್ದೆ."

ಕಳೆದ ಯುಗಾದಿಯ ಹೊತ್ತಿಗೆ, ರಕ್ತ ತೆಗೆಯದೆಯೇ ಅಂಕಿ ಮೂವತ್ತೆಂಟಕ್ಕೆ ಇಳಿಯಿತು. ಮುಂದಿನ ತಿಂಗಳು ಮೂವತ್ತೊಂದು. ನನಗೋ ಹಿಗ್ಗು! ಗೋದಿ ಹುಗ್ಗಿ ಮಾಡಿ, ತುಪ್ಪ ಸುರಿದು ಮುಂದಿಟ್ಟೆ.

"ಮಾಮಾರ, ಇನ್ನ ಸೂಜಿ ಚುಚ್ಚಿಸಿಕೊಳ್ಳೋ ಕಾಟ ಇಲ್ಲರಿ!"

ಅವರು ಚಮಚದಿಂದ ಹುಗ್ಗಿಯಲ್ಲೊಂದು ಕಾಲುವೆ ತೋಡಿದರು. ತುಪ್ಪ ಹರಿದು ತಟ್ಟೆಯ ಅಂಚಿಗೆ ಬಂದು ನಿಂತಿತು.

"ಗೇಟ್ ಮುಚ್ಚಿದಾಗ ಮಟ್ಟ ಇಳಿದ್ರ ಹುಗ್ಗಿ ಮಾಡಬಾರದವಾ. ಮ್ಯಾಲಿಂದ ನೀರು ಬರೋದ ನಿಂತೈತಿ."

ಡಾಕ್ಟರು ಸೊಂಟದ ಮೂಳೆಯ ಮಜ್ಜೆ ತೆಗೆಸಿ ನೋಡಿ ಹೇಳಿದ್ದೂ ಅದನ್ನೇ. ರಕ್ತ ತಯಾರಿಸುವ ಮಜ್ಜೆಯೇ ಗಟ್ಟಿಯಾಗುತ್ತಿದೆಯಂತೆ. ಇನ್ನು ರಕ್ತ ತೆಗೆಯುವುದಲ್ಲ, ಕೊಡಬೇಕು.

ಹಿಂದೆಲ್ಲ ಆಸ್ಪತ್ರೆಯಲ್ಲಿ ರಕ್ತದ ಚೀಲ ಮಂಚದ ಕೆಳಗಿರುತ್ತಿತ್ತು. ಈ ಸಲ ತಲೆಯ ಮೇಲೆ ತೂಗುತ್ತಿತ್ತು. ಮಾವನವರು ಹನಿ ಎಣಿಸುತ್ತ ಮಲಗಿದ್ದರು.

"ಸಿಸ್ಟರ್, ಇಷ್ಟು ಸಣ್ಣಗ ಬಿಟ್ರ ಕಾಲುವಿ ಕೊನಿಗೆ ಯಾವಾಗ ಮುಟ್ಟತೈತ್ರಿ?"

"ಸುಮ್ನ ಮಲಕ್ಕೋರಿ ಅಜ್ಜಾರ. ಜೋರ ಬಿಟ್ರ ನಿಮ್ಮ ಎದಿಗೇ ತ್ರಾಸು."

ಅವರು ನನ್ನತ್ತ ತಿರುಗಿ ನಕ್ಕರು. "ಕಾಲುವಿ ಕೊನಿ ಹೊಲದವರು ಬಂದು ಹಿಂಗ ಕೇಳತಿದ್ರವಾ. ನಾನೂ ಸುಮ್ನ ಹೋಗ್ರಿ ಅಂತಿದ್ದೆ."

ವಾರದ ಮೇಲೆ ಮತ್ತೆ ಪರೀಕ್ಷೆ. ಅಷ್ಟು ರಕ್ತ ಕೊಟ್ಟ ಮೇಲೆ ಅಂಕಿ ಏರಿರಲೇಬೇಕಲ್ಲ! ಮಾವನವರು ಚಪ್ಪಲಿಯನ್ನೂ ಬಿಡದೆ ಸೀದಾ ಕ್ಯಾಲೆಂಡರಿನ ಮುಂದೆ ನಿಂತು ರಿಪೋರ್ಟು ಬಿಚ್ಚಿದರು. ತುಂಬ ಹೊತ್ತು ನೋಡಿದರು. ಮತ್ತೆ ಮಡಚಿ, ಅದರ ಜೊತೆ ಪೆನ್ನನ್ನೂ ನನ್ನ ಕೈಗಿಟ್ಟರು.

"ನೀನ ಓದು, ನೀನ ಬರಿಯವಾ. ನನಗ ಕಣ್ಣು ಕಾಣವಲ್ದು."

ಕನ್ನಡಕ ಅವರ ಮೂಗಿನ ಮೇಲೆಯೇ ಇತ್ತು.

ಇಪ್ಪತ್ತೈದು ಎಂದು ಬರೆದೆ. ಲಗ್ನಪತ್ರಿಕೆಯ ಹಾಗೆ, ದುಂಡಗೆ.