ಗಾರ್ಮೆಂಟ್ಸ್ ಸಾಹೇಬರ ದಂಡಯಾತ್ರೆ

ಇತಿಹಾಸದಲ್ಲಿ ಎಂ.ಎ. ಮಾಡಿ ಗಾರ್ಮೆಂಟ್ಸ್‌ನಲ್ಲಿ ಹಾಜರಿ ನೋಡಿಕೊಳ್ಳುವವನ ಬದುಕಿನಲ್ಲಿ ಯುದ್ಧಗಿದ್ಧ ಏನೂ ಇರುವುದಿಲ್ಲ ಎಂದು ಅಂದುಕೊಂಡವರು ದೊಡ್ಡಬಳ್ಳಾಪುರಕ್ಕೆ ಬಂದು ನಮ್ಮ ಫ್ಯಾಕ್ಟರಿಯಲ್ಲಿ ಒಂದು ವಾರ ಇರಬೇಕು. ಇಲ್ಲಿ ವಾರಕ್ಕೊಂದು ಯುದ್ಧ ತಪ್ಪಿದ್ದಲ್ಲ. ಶತ್ರು ಯಾರು ಅನ್ನುವುದು ಮಾತ್ರ ಇವತ್ತಿಗೂ ಇತ್ಯರ್ಥವಾಗಿಲ್ಲ.

ಇದೆಲ್ಲ ಶುರುವಾದದ್ದು ಹೊಸ ಮ್ಯಾನೇಜರ್ ಬಂದ ಮೇಲೆ. ಜಯನಗರದಿಂದ ದಿನಾ ಕಾರಿನಲ್ಲಿ ಬರುವ ಸಾಹೇಬರು. ಮೊಟ್ಟೆಯನ್ನೂ ಮುಟ್ಟದ, ಯಾರಿಗೂ ಕೆಟ್ಟ ಮಾತಾಡದ ಮನುಷ್ಯ. ಪಾಪ, ಹೆಡ್ ಆಫೀಸಿನವರು ಅವರನ್ನು ಒಂದು ಹೋಟೆಲಿನಲ್ಲಿ ಕೂರಿಸಿ ಯುದ್ಧಗಳಿಂದ ನಾಯಕತ್ವ ಕಲಿಯುವುದು ಹೇಗೆ ಅಂತ ತರಬೇತಿ ಕೊಡಿಸಿದರು. ಮ್ಯಾನೇಜರ್ ಆಗಿ ಹೋದವರು ಸೇನಾಪತಿಯಾಗಿ ಹಿಂತಿರುಗಿದರು. ಜೊತೆಗೆ ಒಂದು ಎಚ್ಚರಿಕೆಯನ್ನೂ ತಂದರು: ಈ ಸಲದ ದೊಡ್ಡ ಆರ್ಡರ್ ಹೊತ್ತಿಗೆ ಸರಿಯಾಗಿ ಹೋಗದಿದ್ದರೆ ನಮ್ಮ ಯೂನಿಟ್ಟಿಗೆ ಬೀಗ, ಎಲ್ಲರೂ ಹೊಸಕೋಟೆ ಆಚೆಯ ಯೂನಿಟ್ಟಿಗೆ. ದೊಡ್ಡಬೆಳವಂಗಲದ ಕಡೆಯಿಂದ ಬರುವ ಹೆಂಗಸರು ಅಲ್ಲಿಗೆ ಹೋಗಬೇಕೆಂದರೆ ಕೋಳಿ ಕೂಗುವ ಮೊದಲೇ ಮನೆ ಬಿಡಬೇಕು. ಅದಕ್ಕಿಂತ ಅವರು ಕೆಲಸ ಬಿಡುತ್ತಾರೆ. ನನಗಂತೂ ಮೂರು ಬಸ್ಸು ಬದಲಾಯಿಸಬೇಕು. ಹಾಗಾಗಿ ಈ ಸೇನಾಪತಿ ಗೆಲ್ಲಲಿ ಎಂದು ಮನಸಾರೆ ಹಾರೈಸಿದವರಲ್ಲಿ ನಾನೇ ಮೊದಲಿಗ.

"ನೀವು ಹಿಸ್ಟರಿ ಅಲ್ವೇನ್ರೀ?" ಎಂದು ಒಂದು ದಿನ ಸಾಹೇಬರು ಕರೆದು ಕೇಳಿದರು.

"ಹೌದು ಸಾರ್."

"ಇಷ್ಟ್ ದಿನ ಯಾಕ್ ಹೇಳ್ಲಿಲ್ಲ? ಇನ್ಮೇಲೆ ಪ್ರತಿ ಸೋಮವಾರ ಮೀಟಿಂಗ್‌ನಲ್ಲಿ ಒಂದೊಂದು ಯುದ್ಧ ಹೇಳಿ. ಪಾಠ ಏನೂಂತ ನಾನೇ ಹುಡುಕ್ಕೊಳ್ತೀನಿ."

ಪರೀಕ್ಷೆ ಮುಗಿದ ಮೇಲೆ ಮೊದಲ ಸಲ ಒಬ್ಬರು ನನ್ನ ಇತಿಹಾಸವನ್ನು ಕೇಳಲು ತಯಾರಿದ್ದರು. ನಾನೂ ಉಬ್ಬಿಹೋದೆ.

ಎತ್ತರದ ಜಾಗ

ಮೊದಲ ಸೋಮವಾರ ಕೋಟೆಗಳ ಬಗ್ಗೆ ಹೇಳಿದೆ. "ದೇವನಹಳ್ಳಿ ಕೋಟೆ ಬಯಲಲ್ಲಿದೆ ಸಾರ್, ನಂದಿ ಬೆಟ್ಟದ ಕೋಟೆ ಎತ್ತರದಲ್ಲಿದೆ. ಎತ್ತರದಲ್ಲಿ ಕೂತೋನಿಗೆ ಕೆಳಗಿನ ಶತ್ರುವಿನ ಓಡಾಟ ಎಲ್ಲಾ ಕಾಣುತ್ತೆ." ಅಷ್ಟೆಲ್ಲ ಎತ್ತರದಲ್ಲಿದ್ದರೂ ಆ ಕೋಟೆ ಕೊನೆಗೆ ಬಿತ್ತು ಅನ್ನುವ ಮುಂದಿನ ವಾಕ್ಯ ನನ್ನ ಬಾಯಲ್ಲಿರುವಾಗಲೇ ಸಾಹೇಬರು ವೆಲ್ಡಿಂಗ್ ಅಂಗಡಿಯವನಿಗೆ ಫೋನ್ ಹಚ್ಚಿದ್ದರು.

ವಾರದೊಳಗೆ ಹೊಲಿಗೆ ಹಾಲ್‌ನ ನಟ್ಟನಡುವೆ ಕಬ್ಬಿಣದ ಅಟ್ಟ ಎದ್ದಿತು. ಮೇಲೊಂದು ಮೇಜು, ತಿರುಗುವ ಕುರ್ಚಿ. ಸಾಹೇಬರು ಏಣಿ ಹತ್ತಿ ಕೂತರು. ಮೇಲೆ ಕಾದ ಶೀಟಿನ ಛಾವಣಿ, ಕೆಳಗೆ ಇಸ್ತ್ರಿ ಸೆಕ್ಷನ್ನಿನ ಹಬೆ, ನಡುವೆ ಸಾಹೇಬರು. ಇಡ್ಲಿಗೂ ಅಂಥ ಒಳ್ಳೆಯ ವ್ಯವಸ್ಥೆ ಇರುವುದಿಲ್ಲ. ಮಧ್ಯಾಹ್ನ ಮೊಸರನ್ನ ಉಂಡು ಮೇಲೆ ಹತ್ತಿದ ಸ್ವಲ್ಪ ಹೊತ್ತಿಗೆಲ್ಲ ಅವರ ಕತ್ತು ಎಡಕ್ಕೆ ವಾಲುತ್ತಿತ್ತು. ಹಾಲ್‌ನ ಯಾವ ಮೂಲೆಯಿಂದ ನೋಡಿದರೂ ಅದು ಚೆನ್ನಾಗಿ ಕಾಣುತ್ತಿತ್ತು.

ಹೆಂಗಸರು ಗಡಿಯಾರ ನೋಡುವುದನ್ನೇ ಬಿಟ್ಟರು. ಒಂದು ದಿನ ಒಂದು ಸಾಲು ಮಷೀನಿನವರೆಲ್ಲ, ಅಂದರೆ ಇಡೀ ಲೈನ್, ಎದ್ದು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಕ್ಯಾಂಟೀನಿನ ಕಡೆ ಹೊರಟಿತ್ತು. ಮುಂದೆ ಲೈನ್ ಸೂಪರ್‌ವೈಸರಮ್ಮ. "ಏನಮ್ಮ ಇದು? ಟೀಗೆ ಇನ್ನೂ ಟೈಮಿದೆಯಲ್ಲ!" ಅಂದೆ.

ಆಕೆ ಅಟ್ಟದ ಕಡೆ ಬೆರಳು ತೋರಿಸಿ ಪಿಸುಗುಟ್ಟಿದರು: "ಮೆಲ್ಲಗ್ ಮಾತಾಡಿ ಸಾರ್. ಎದ್‌ಬಿಟ್ರೆ ನಮ್ ಟೀ ಹೋಯ್ತದೆ."

ರಾಜನ ಕಣ್ಣುಗಳು

ಮುಂದೊಂದು ಸೋಮವಾರ ಗೂಢಚಾರರ ಸರದಿ. ರಾಜರು ಯುದ್ಧಕ್ಕೆ ಮೊದಲು ಶತ್ರುವಿನ ಪಾಳಯಕ್ಕೆ ಗುಟ್ಟಾಗಿ ಜನರನ್ನು ಕಳಿಸುತ್ತಿದ್ದರು ಎಂದೆ. ಗೂಢಚಾರನನ್ನು ಆರಿಸುವುದೇ ಕಷ್ಟದ ಕೆಲಸ ಅನ್ನುವುದರೊಳಗೆ ಸಾಹೇಬರು ಆರಿಸಿ ಆಗಿತ್ತು. ಪ್ಯಾಕಿಂಗ್‌ನಲ್ಲಿದ್ದ ಒಬ್ಬ ಹೆಂಗಸು. ಶನಿವಾರ ಬೇಗ ಕೆಲಸ ನಿಲ್ಲಿಸಿ ಸಾಹೇಬರ ರೂಮಿಗೆ ಬಂದು, ಲೈನ್‌ನಲ್ಲಿ ಯಾರು ಏನು ಮಾತಾಡಿದರು ಅಂತ ಹೇಳಬೇಕು. ಹೇಳಿದ ಮೇಲೆ ಮನೆಗೆ ಹೋಗಬಹುದು.

ಸಾಹೇಬರಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ನಮ್ಮ ಫ್ಯಾಕ್ಟರಿ ಬಸ್ಸಿನಲ್ಲಿ ಬರುವವರೆಲ್ಲ ಒಬ್ಬರಿಗೊಬ್ಬರು ಅತ್ತಿಗೆ, ನಾದಿನಿ, ಇಲ್ಲವೇ ಓರಗಿತ್ತಿಯ ತಂಗಿ. ಸೋಮವಾರ ಹತ್ತಿದ ಗುಟ್ಟು ಅವತ್ತು ಸಂಜೆಯೇ ಪ್ರತಿ ಸ್ಟಾಪಿನಲ್ಲೂ ಇಳಿಯಿತು. ಮುಂದಿನ ಶನಿವಾರ ಇನ್ನೂ ಕೆಲವರು ಬಂದು, "ಸಾರ್, ನಮ್ಗೂ ಗುಟ್ಟು ಗೊತ್ತು" ಅಂದರು. ಅದರ ಮುಂದಿನ ಶನಿವಾರ ಇಡೀ ಲೈನ್ ಬಂತು. ಕೊನೆಗೆ ಶನಿವಾರ ಮಧ್ಯಾಹ್ನ ಮಷೀನುಗಳೆಲ್ಲ ತೆಪ್ಪಗಾಗಿ, ಸಾಹೇಬರ ರೂಮಿನ ಮುಂದೆ ಸಂಬಳದ ದಿನವೂ ಇಲ್ಲದಷ್ಟು ಉದ್ದದ ಸಾಲು ನಿಲ್ಲತೊಡಗಿತು.

ಆರ್ಡರ್ ಹಿಂದೆ ಬೀಳುತ್ತಿದೆ ಎಂದು ಹೇಳಲು ನಾನೂ ಒಳಗೆ ಹೋದೆ. ಸಾಹೇಬರ ಮುಖದಲ್ಲಿ ಸಂತೋಷ ತುಂಬಿ ತುಳುಕುತ್ತಿತ್ತು. "ನೋಡ್ರೀ, ಜನ ಎಲ್ಲಾ ನಮ್ ಕಡೆನೇ. ಇಡೀ ಫ್ಯಾಕ್ಟರಿಲಿ ನನ್ ಗೂಢಚಾರ ಆಗ್ದೇ ಇರೋರು ಒಬ್ರೇ ಉಳ್ದಿರೋದು."

"ಯಾರು ಸಾರ್?"

"ನೀವೇ ಕಣ್ರೀ. ಎಲ್ರೂ ನಿಮ್ ವಿಷಯಾನೇ ಹೇಳ್ತಿದ್ದಾರೆ."

ಸುಳ್ಳು ಓಟ

ಆಗ ಪಕ್ಕದ ಫ್ಯಾಕ್ಟರಿಯವರು ಸಂಜೆ ಹೊತ್ತು ನಮ್ಮ ಗೇಟಿನ ಎದುರು ವ್ಯಾನ್ ನಿಲ್ಲಿಸಿ, ನಮ್ಮ ಟೈಲರ್‌ಗಳನ್ನು ಸೆಳೆಯಲು ಶುರು ಮಾಡಿದರು. ನನ್ನ ಗ್ರಹಚಾರ, ಆ ವಾರವೇ ನಾನು ಸುಳ್ಳು ಓಟದ ಕಥೆ ಹೇಳಬೇಕೆ? ಸೈನ್ಯ ಸೋತಂತೆ ನಟಿಸಿ ಓಡುತ್ತದೆ, ಶತ್ರು ಸಾಲು ಮುರಿದು ಅಟ್ಟಿಸಿಕೊಂಡು ಬರುತ್ತಾನೆ, ಆಗ ಸೈನ್ಯ ಗಕ್ಕನೆ ತಿರುಗಿ ಬಡಿಯುತ್ತದೆ. ಇದು ನಾಟಕ ಅಂತ ಓಡುವವರಿಗೆ ಮೊದಲೇ ಗೊತ್ತಿರಬೇಕು ಎಂಬ ಮುಖ್ಯ ಮಾತಿಗೆ ಬರುವಷ್ಟರಲ್ಲಿ ಸಾಹೇಬರು ಮೈಕ್ ಹಿಡಿದಿದ್ದರು.

"ನಮ್ಮ ಕಂಪನಿ ಸ್ವಲ್ಪ ಕಷ್ಟದಲ್ಲಿದೆ. ಹೋಗೋರು ಧಾರಾಳವಾಗಿ ಹೋಗ್ಬಹುದು!"

ಆಮೇಲೆ ನನ್ನ ಕಿವಿಯಲ್ಲಿ ಯೋಜನೆ ಬಿಚ್ಚಿಟ್ಟರು. ಅಷ್ಟು ಜನ ಒಟ್ಟಿಗೆ ನುಗ್ಗಿದರೆ ಪಕ್ಕದವರಿಗೆ ಕೂರಿಸಲು ಜಾಗವಿರುವುದಿಲ್ಲ, ಕಂಗಾಲಾಗುತ್ತಾರೆ, ನಮ್ಮವರು ಅಲ್ಲಿಂದ ತಿರುಗಿ ಓಡಿ ಬರುತ್ತಾರೆ. ಸಂಜೆ ಒಂದು ಲೈನ್‌ಗೆ ಲೈನೇ ಟಿಫನ್ ಕ್ಯಾರಿಯರ್ ಸಮೇತ ವ್ಯಾನ್ ಹತ್ತಿತು. ಸಾಹೇಬರು ಸೊಂಟದ ಮೇಲೆ ಕೈಯಿಟ್ಟು ಗೇಟಿನಲ್ಲಿ ನಿಂತರು.

"ಸಾರ್, ವ್ಯಾನ್ ಸರ್ಕಲ್ ದಾಟಿ ಹೋಯ್ತು. ಗೇಟ್ ಹಾಕ್ಲಾ?" ವಾಚ್‌ಮನ್ ಕೇಳಿದ.

"ಇರಪ್ಪಾ, ಈಗ ತಿರುಗ್ತಾರೆ."

ಯಾರೂ ತಿರುಗಲಿಲ್ಲ. ಮಾರನೇ ದಿನ ಪಕ್ಕದ ಫ್ಯಾಕ್ಟರಿಯ ಮ್ಯಾನೇಜರ್ ಒಂದು ಡಬ್ಬಿ ಮೈಸೂರ್ ಪಾಕ್ ಕಳಿಸಿ ಫೋನ್ ಮಾಡಿದರು: "ಒಳ್ಳೆ ಜನ ಸಾರ್, ತುಂಬಾ ಥ್ಯಾಂಕ್ಸ್. ಇನ್ನೊಂದ್ ಲೈನ್ ಇದ್ರೆ ಹೇಳಿ, ವ್ಯಾನ್ ಕಳಿಸ್ತೀನಿ."

ಹೊಸತೊಡಕು

ಒಂದು ಲೈನ್ ಹೋದ ಮೇಲೆ ಆರ್ಡರ್ ಗತಿ ಕೇಳಬೇಕೆ? ಉಳಿದ ಹೆಂಗಸರು ಸೊಂಟ ಬೀಳುವಂತೆ ಹೊಲಿದು ಯುಗಾದಿಯ ಹೊತ್ತಿಗೆ ಹೊಲಿಗೆಯನ್ನೇನೋ ಮುಗಿಸಿದರು. ಚೆಕ್ಕಿಂಗ್, ಪ್ಯಾಕಿಂಗ್ ಉಳಿಯಿತು. ಯುಗಾದಿಯ ಮಾರನೇ ದಿನ ಸಂಜೆಯೊಳಗೆ ಕಂಟೇನರ್ ಗೇಟು ದಾಟದಿದ್ದರೆ ಬೀಗ ಗ್ಯಾರಂಟಿ ಎಂದು ಹೆಡ್ ಆಫೀಸಿನ ದೊಡ್ಡವರು ಫೋನಿನಲ್ಲಿ ಹೇಳಿಬಿಟ್ಟರು. ಕೆಲಸ ಇದ್ದದ್ದು ಒಂದು ಮಧ್ಯಾಹ್ನದ್ದು, ಜನ ಇದ್ದರೆ.

"ಹಬ್ಬದ ಮಾರನೇ ದಿನ ಶತ್ರು ಮೈಮರೆತಿರ್ತಾನೆ," ಎಂದರು ಸಾಹೇಬರು. "ಬೆಳಿಗ್ಗೆ ಏಳಕ್ಕೇ ನುಗ್ಗೋಣ."

"ಸಾರ್, ಇಲ್ಲಿ ಶತ್ರು ಯಾರು?"

"ಅದನ್ನ ಆಮೇಲೆ ನೋಡೋಣ."

"ಅವತ್ತು ಹೊಸತೊಡಕು ಸಾರ್."

"ಅದೇನ್ರೀ? ಸರ್ಕಾರಿ ರಜೆ ಪಟ್ಟಿಲಿ ಇಲ್ವಲ್ಲ?"

ಏನಂತ ವಿವರಿಸಲಿ? ಯುಗಾದಿಯ ದಿನ ಒಬ್ಬಟ್ಟು ತಿಂದು ಸಾಧುವಾಗಿದ್ದ ನಮ್ಮ ಸೀಮೆ, ಮಾರನೇ ದಿನ ಬೆಳಕು ಹರಿಯುವ ಮೊದಲೇ ಮಟನ್ ಅಂಗಡಿ ಮುಂದೆ ಚೀಲ ಹಿಡಿದು ನಿಂತಿರುತ್ತದೆ. ಹೇಳಿದೆ. ಸಾಹೇಬರು ನಕ್ಕರು. "ಒಂದ್ ಮಟನ್ ಸಾರಿಗೋಸ್ಕರ ಯಾರಾದ್ರೂ ಕೆಲ್ಸ ತಪ್ಪಿಸ್ಕೊಳ್ತಾರೇನ್ರೀ?"

ಆ ದಿನ ಬೆಳಿಗ್ಗೆ ಅವರ ಫೋನ್ ಬಂತು. "ಎಲ್ರೀ ಎಲ್ರೂ? ಇಲ್ಲಿ ನಾನು, ಕಂಟೇನರ್ ಡ್ರೈವರ್ ಇಬ್ರೇ ಇದ್ದೀವಿ. ಕರೆಂಟೂ ಇಲ್ಲ. ವಾಚ್‌ಮನ್ನೂ ಇಲ್ಲ!"

"ವಾಚ್‌ಮನ್ ನನ್ ಮುಂದೇನೇ ಇದ್ದಾನೆ ಸಾರ್."

"ಬಸ್ ಡ್ರೈವರ್?"

"ವಾಚ್‌ಮನ್ ಮುಂದೆ."

"ಜನರೇಟರ್ ಹಾಕೋಕೆ ಎಲೆಕ್ಟ್ರಿಷಿಯನ್ನಾದ್ರೂ..."

"ನನ್ ಹಿಂದೆ ಸಾರ್. ಮಟನ್ ಕ್ಯೂ ಇದು."

ಸಾಹೇಬರು ಕಾರು ಹಾಕಿಕೊಂಡು ಧಾವಿಸಿ ಬಂದರು. ನಾಯಕನಾದವನು ಯಾವಾಗಲೂ ಮುಂದೆ ನಿಂತು ಮಾತಾಡಬೇಕು ಎಂದು ತರಬೇತಿಯಲ್ಲಿ ಹೇಳಿದ್ದರಂತೆ. ನೇರವಾಗಿ ಕ್ಯೂನ ತುದಿಗೆ ನಡೆದು, ಕಟುಕನ ಮರದ ದಿಮ್ಮಿಯ ಪಕ್ಕ ನಿಂತು ನಮ್ಮ ಕಡೆ ತಿರುಗಿದರು. ಬಾಯಿ ತೆರೆಯಲು ಬಿಟ್ಟರೆ ತಾನೆ?

"ಲೇ, ಯಾರ್ಲಾ ಅವ್ನು ಮಧ್ಯ ನುಗ್ತಿರೋನು?"

"ನೋಡೋಕ್ ದೊಡ್‌ಮನ್ಸ, ಬಾಡು ಅಂದ್ರೆ ಮಾನ ಮರ್ಯಾದೆ ಬಿಟ್‌ಬಿಡ್ತಾರೆ ಗುರು!"

"ಅಯ್ಯೋ, ನಾನ್ ತಿನ್ನೋದೇ ಇಲ್ಲ!" ಸಾಹೇಬರು ಕೂಗಿದರು.

"ತಿನ್ನದೋನು ಬೆಳ್‌ಬೆಳಿಗ್ಗೆ ಇಲ್ಲಿಗ್ ಯಾಕಪ್ಪಾ ಬಂದೆ?" ಎಂದು ಒಬ್ಬ ಅಜ್ಜ ಅವರ ತೋಳು ಹಿಡಿದು, ಮರ್ಯಾದೆಯಿಂದಲೇ ಕೊನೆಗೆ ಕರೆದುಕೊಂಡು ಹೋಗಿ ನಿಲ್ಲಿಸಿದ.

ನನಗೆ ಅಯ್ಯೋ ಅನಿಸಿತು. ಸಾಹೇಬರನ್ನು ಪಕ್ಕಕ್ಕೆ ಕರೆದು ಸೂಪರ್‌ವೈಸರಮ್ಮನಿಗೆ ಫೋನ್ ಮಾಡಿಕೊಟ್ಟೆ. ಆಕೆ ಹೇಳಿದ್ದು ಇಷ್ಟೇ: "ಬರ್ತೀವಿ ಸಾರ್, ನಮ್ಗೇನು ಹೊಸಕೋಟೆಗ್ ಹೋಗೋ ಆಸೆನಾ? ನಮ್ಮೂರಲ್ಲೇ ಎಲ್ರೂ ಸೇರಿ ಕುರಿ ಕಡ್ದು ಗುಡ್ಡೆ ಬಾಡು ಹಂಚಿ ಆಯ್ತು, ಒಲೆ ಮೇಲೈತೆ. ಉಂಡ್‌ಬಿಟ್ಟು ಬರ್ತೀವಿ. ಬಸ್ ಒಂದ್ ಕಳ್ಸಿ."

ಬಸ್ ತೆಗೆದುಕೊಂಡು ಹೋಗಬೇಕಾದ ಡ್ರೈವರ್ ಕ್ಯೂ ಬಿಟ್ಟು ಅಲ್ಲಾಡಲಿಲ್ಲ. "ಬರೀ ಚೀಲ ತಗೊಂಡ್ ಹೋದ್ರೆ ಮನೆಗ್ ಸೇರ್ಸಲ್ಲ ಸಾರ್." ವಾಚ್‌ಮನ್, ಎಲೆಕ್ಟ್ರಿಷಿಯನ್ ಕೂಡ ಅದೇ ಮಾತು. ಸಾಹೇಬರು ಉದ್ದದ ಕ್ಯೂ ನೋಡಿದರು, ವಾಚು ನೋಡಿದರು, ಮೂಗಿಗೆ ಕರ್ಚೀಫ್ ಕಟ್ಟಿಕೊಂಡರು.

"ನಿಮ್ ಜಾಗದಲ್ಲಿ ನಾನ್ ನಿಲ್ತೀನಿ. ಯಾರ್ಯಾರಿಗ್ ಏನೇನ್ ಬೇಕು, ಹೇಳಿ ಹೋಗಿ."

ಮೂರು ಚೀಲಗಳು ಅವರ ಕೈಗೆ ಬಂದವು. ಡ್ರೈವರ್‌ಗೆ ಮೂಳೆ ಸಮೇತ ತೊಡೆ, ವಾಚ್‌ಮನ್‌ಗೆ ಸಣ್ಣ ಕೈಮಾ, ಎಲೆಕ್ಟ್ರಿಷಿಯನ್‌ಗೆ ಲಿವರ್ ಮತ್ತು ಬೋಟಿ. ಸಾಹೇಬರು ಅದನ್ನೇ ಮಂತ್ರದ ಹಾಗೆ ಗುನುಗುತ್ತಾ ಮುಂದೆ ಸರಿದರು. ನಾನೂ ಅವರ ಹಿಂದೆಯೇ ಉಳಿದೆ. ಸೇನಾಪತಿಯನ್ನು ಒಂಟಿಯಾಗಿ ಬಿಡಬಾರದು ನೋಡಿ. ನಮ್ಮ ಮನೆಯಲ್ಲೂ ಮಸಾಲೆ ರುಬ್ಬಿಟ್ಟುಕೊಂಡು ಕಾಯುತ್ತಿದ್ದರು ಅನ್ನುವುದು ಬೇರೆ ಮಾತು.

"ಚೂರು ಚರ್ಬಿ ಹಾಕ್ಲಾ ಸಾರ್?" ಕಟುಕ ಕೇಳಿದ.

ಸಾಹೇಬರು ಕಣ್ಣು ಮುಚ್ಚಿಕೊಂಡರು. "ಡ್ರೈವರ್‌ಗೆ ಹಾಕಪ್ಪಾ. ಬೆಳಗ್ಗಿಂದ ಕಾದಿದ್ದಾನೆ."

ಜಯನಗರದ ಕಾರು ಬಾಡಿನ ವಾಸನೆ ಹೊತ್ತು ಮೂರೂ ಮನೆಗಳಿಗೆ ಹೋಗಿ ಬಂತು. ಮಧ್ಯಾಹ್ನ ಬಸ್ ಬಂತು. ಹೆಂಗಸರು ಎಲೆಯಡಿಕೆ ಜಗಿಯುತ್ತಾ ಇಳಿದು ತಮ್ಮ ತಮ್ಮ ಜಾಗ ಹಿಡಿದರು. ಇನ್ನು ಜನರೇಟರ್ ಹಾಕುವುದೊಂದೇ ಬಾಕಿ. ಅಷ್ಟರಲ್ಲಿ ಎಲೆಕ್ಟ್ರಿಷಿಯನ್‌ನ ಫೋನ್ ಹೊಡೆದುಕೊಂಡಿತು. ಆಚೆಯಿಂದ ಅವನ ತಾಯಿಯ ದನಿ ನಮಗೆಲ್ಲ ಕೇಳುತ್ತಿತ್ತು. ಅವನು ಸ್ಪ್ಯಾನರ್ ಕೆಳಗಿಟ್ಟ.

"ಸಾರ್, ಚೀಲದಲ್ಲಿ ಬೋಟಿ ಇಲ್ವಂತೆ. ತಂದ್ ಕೊಟ್ಟು ಆಮೇಲ್ ಕೆಲ್ಸ ಮಾಡು ಅಂತಿದಾರೆ ಅಮ್ಮ."

ನನಗೆ ನಿಜವಾಗಿಯೂ ಭಯವಾಯಿತು. ಇಷ್ಟು ಜನರ ಕೆಲಸ ಕುರಿಯ ಕರುಳಿಗೆ ನೇತುಬಿದ್ದಿತ್ತು. "ಸಾರ್, ಇತಿಹಾಸದಲ್ಲಿ ಇಂಥ ಹೊತ್ತಲ್ಲಿ..." ಎಂದು ಶುರು ಮಾಡಿದೆ.

"ಸುಮ್ನಿರ್ರೀ!" ಎಂದರು ಸಾಹೇಬರು. ಮೊದಲ ಸಲ ಗದರಿದ್ದು. ಕಾರಿನ ಕೀ ತೆಗೆದುಕೊಂಡು ಎಲೆಕ್ಟ್ರಿಷಿಯನ್‌ನ ಕಡೆ ತಿರುಗಿದರು. "ನಾನ್ ತಂದು ನಿಮ್ಮಮ್ಮನ ಕೈಗೇ ಕೊಡ್ತೀನಿ. ನೀನ್ ಜನರೇಟರ್ ಹಾಕಪ್ಪಾ. ಬೋಟಿ ಅಂತ ಹೆಸರು ಹೇಳಿದ್ರೆ ಸಾಕಾ, ತೋರಿಸ್ಬೇಕಾ?"

ಕಾರು ಗೇಟು ದಾಟುವ ಮೊದಲೇ ಜನರೇಟರ್ ಗುಡುಗಿತು. ಸಾಹೇಬರು ಒಂದಾದ ಮೇಲೊಂದು ಅಂಗಡಿಯಿಂದ ಫೋನ್ ಮಾಡುತ್ತಲೇ ಇದ್ದರು, ಎಲ್ಲ ಕಡೆಯೂ ಬೋಟಿ ಖಾಲಿಯಂತೆ. ಸಂಜೆ ಬೆಳಕಿರುವಾಗಲೇ ಕಂಟೇನರ್ ಹೊರಟಿತು. ಸೂಪರ್‌ವೈಸರಮ್ಮ ಅದರ ಹಿಂದೆ ನಿಂತು ಕೈ ಮುಗಿದರು.

ಆಗಲೇ ಆಫೀಸಿನ ಫೋನ್ ಬಡಿದುಕೊಂಡಿತು. ಹೆಡ್ ಆಫೀಸಿನ ದೊಡ್ಡವರು. "ಕಂಟೇನರ್ ಹೊರಟಿತಂತೆ, ಭೇಷ್! ಹೊಸತೊಡಕಿನ ದಿನ ಜನಾನ ಕರೆಸಿದ್ದಾರಲ್ಲ, ಯಾವ್ ತಂತ್ರಾನ್ರೀ ಅದು? ನಿಮ್ ಮ್ಯಾನೇಜರ್‌ಗೆ ಕೊಡಿ."

"ಅವರು ಇಲ್ಲ ಸಾರ್," ಎಂದೆ. "ಬೋಟಿ ತರೋಕೆ ಹೋಗಿದ್ದಾರೆ."

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು. ಯೂನಿಟ್ಟಿಗೆ ಬೀಗ ಬಿತ್ತು ಅಂತಲೇ ನಾನು ಅಂದುಕೊಂಡೆ. ಆಮೇಲೆ ದೊಡ್ಡವರು ದನಿ ತಗ್ಗಿಸಿ ಕೇಳಿದರು:

"ಅಲ್ಲಿ ಇನ್ನೂ ಸಿಗ್ತಿದ್ಯೇನ್ರೀ? ಇಲ್ಲಿ ಬೆಳಿಗ್ಗೆನೇ ಖಾಲಿ. ನಂಗೂ ಒಂದರ್ಧ ಕೆಜಿ ಹೇಳಿ."